ಬಾಯಿಗಿಟ್ಟ ತುತ್ತು ಮೂಗಿಗೆ: ಗಡಿಯ ರೋಗಿಗೆ ಅಂಗುಳ ಕಟ್ಟಿಕೊಡುವವರು ಯಾರು?

ಕೊಡಿಕೊಂಡ: ಬೆಂಗಳೂರು-ಹೈದರಾಬಾದ್ ಹೆದ್ದಾರಿಯಲ್ಲಿ ಬಾಗೇಪಲ್ಲಿ ದಾಟಿದ ಮೇಲೆ ಸಿಗುವ ಕೊಡಿಕೊಂಡ ಚೆಕ್‌ಪೋಸ್ಟ್‌ನಲ್ಲಿ ನಿಂತರೆ ದಕ್ಷಿಣಕ್ಕೆ ಬೆಂಗಳೂರು ಹೆಚ್ಚುಕಡಿಮೆ ನೂರು ಕಿ.ಮೀ., ಉತ್ತರಕ್ಕೆ ಅನಂತಪುರವೂ ಹೆಚ್ಚುಕಡಿಮೆ ಅಷ್ಟೇ. ಸಣ್ಣಪುಟ್ಟ ಕಾಯಿಲೆಗೆ ಹಿಂದೂಪುರ, ದೊಡ್ಡ ಕಾಯಿಲೆಗೆ ಬೆಂಗಳೂರು ಎಂಬುದು ಈ ಭಾಗದ ಕನ್ನಡ ಮನೆಗಳ ರೂಢಿ. ಕಲ್ಯಾಣದುರ್ಗದ ಕಡೆಯವರಾದರೆ ಅನಂತಪುರ ಇಲ್ಲವೇ ಬಳ್ಳಾರಿ. ಆಪರೇಷನ್ ಎಲ್ಲಾದರೂ ಆಗುತ್ತದೆ. ಆದರೆ ಆಪರೇಷನ್ ಆದ ಮೇಲಿನ ಬದುಕು ಇದೇ ಊರಲ್ಲಿ, ಇದೇ ಮನೆಯಲ್ಲಿ ನಡೆಯಬೇಕು.

ಬಾಯಿ ಕ್ಯಾನ್ಸರ್‌ಗೋ, ಕಪ್ಪು ಶಿಲೀಂಧ್ರಕ್ಕೋ ಮೇಲ್ದವಡೆ ಮತ್ತು ಅಂಗುಳ ತೆಗೆಸಿಕೊಂಡು ಬಂದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಜೀವ ಉಳಿದಿರುತ್ತದೆ. ಆದರೆ ಬಾಯಿಗಿಟ್ಟ ನೀರು ಮೂಗಿನಿಂದ ಹೊರಬರುತ್ತದೆ. ಆಡಿದ ಮಾತು ಮನೆಯವರಿಗೇ ತಿಳಿಯುವುದಿಲ್ಲ. ಅಂಥವರಿಗೆ ಉಣ್ಣುವ, ಮಾತಾಡುವ ಶಕ್ತಿ ವಾಪಸ್ ಕೊಡುವ ಒಂದು ಸಾಧನವಿದೆ. ಅದು ಹೊಸದೂ ಅಲ್ಲ, ಚಂದ್ರಲೋಕದಿಂದ ತರಿಸಬೇಕಾದದ್ದೂ ಅಲ್ಲ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲೇ ತಯಾರಾಗುತ್ತದೆ. ಹೀಗಿದ್ದೂ ಅದು ರೋಗಿಯ ಕೈಗೆ ಸುಲಭವಾಗಿ ಸೇರುವುದಿಲ್ಲ. ಯಾಕೆ ಎಂಬುದೇ ಇಲ್ಲಿನ ಪ್ರಶ್ನೆ.

ಮುದ್ದೆಗೆ ಹಲ್ಲು ಬೇಡ, ಅಂಗುಳ ಬೇಕು

ಬಾಯಿಗೆ ಅಂಗುಳವೇ ಸೂರು. ಮೇಲೆ ಮೂಗು, ಕೆಳಗೆ ಬಾಯಿ, ನಡುವೆ ಈ ಗೋಡೆ. ರಾಗಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಹಲ್ಲಿಲ್ಲದ ಅಜ್ಜಿಯೂ ಮುದ್ದೆ ಉಣ್ಣುತ್ತಾಳೆ ನಿಜ. ಆದರೆ ನುಂಗುವಾಗ ನಾಲಿಗೆ ಆ ತುತ್ತನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ತಳ್ಳುತ್ತದೆ. ಒತ್ತಲು ಸೂರೇ ಇಲ್ಲವೆಂದರೆ ತುತ್ತು ಹಿಂದೆ ಹೋಗುವ ಬದಲು ಮೇಲಿನ ಪೊಳ್ಳಿಗೆ ಸೇರುತ್ತದೆ. ಸಾರು, ಮಜ್ಜಿಗೆ, ಕಾಫಿ ಮೂಗಿನಿಂದ ಇಳಿಯುತ್ತವೆ. ಹುರಿದ ಶೇಂಗಾ ತಿಂದರಂತೂ ಚೂರುಗಳು ಒಳಗೇ ಸಿಕ್ಕಿಕೊಂಡು ವಾಸನೆ, ಕೀವು ಶುರುವಾಗುತ್ತದೆ. ಶೇಂಗಾ ಬೆಳೆಯುವ ಜಿಲ್ಲೆಯಲ್ಲಿ ಶೇಂಗಾ ತಿನ್ನಲಾಗದ ಗತಿ.

ಮಾತಿನ ಕಷ್ಟವೂ ಹೀಗೇ. ಪ, ಬ, ತ, ದ, ಕ, ಗ ಇವೆಲ್ಲ ಬಾಯೊಳಗೆ ಗಾಳಿ ತಡೆದು ಬಿಟ್ಟಾಗ ಹುಟ್ಟುವ ಅಕ್ಷರಗಳು. ಅಂಗುಳ ತೂತಾದರೆ ಆ ಗಾಳಿ ನಿಲ್ಲದೆ ಮೂಗಿಗೆ ನುಗ್ಗುತ್ತದೆ. ‘ಬಾ’ ಎಂದರೆ ‘ಮಾ’ ಎಂದು ಕೇಳಿಸುತ್ತದೆ. ‘ಬೆಲ್ಲ’ ಹೋಗಿ ‘ಮೆಲ್ಲ’, ‘ದಾರಿ’ ಹೋಗಿ ‘ನಾರಿ’ ಆಗುತ್ತದೆ. ಕೇಳಿದವರು ನಕ್ಕರೆ ಮುಗಿಯಿತು, ಆ ಮನುಷ್ಯ ಮತ್ತೆ ಬಾಯಿ ತೆರೆಯುವುದಿಲ್ಲ. ಮದುವೆ ಊಟಕ್ಕೆ ಹೋಗುವುದು ಬಿಡುತ್ತಾನೆ, ಹೋಟೆಲಿನಲ್ಲಿ ಟೀ ಕುಡಿಯುವುದು ಬಿಡುತ್ತಾನೆ, ಕೊನೆಗೆ ಅಂಗಡಿ ವ್ಯಾಪಾರವನ್ನೂ ಮಗನಿಗೆ ಬಿಡುತ್ತಾನೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಇದೆಯಲ್ಲ, ಆ ಎರಡನ್ನೂ ಒಂದೇ ಏಟಿಗೆ ಕಳೆದುಕೊಂಡವರ ಪಾಡು ಇದು.

ಕಾರಣ ಮೂರು

ಮೊದಲನೆಯದು ಕ್ಯಾನ್ಸರ್. ಜಗತ್ತಿನಲ್ಲಿ ಪತ್ತೆಯಾಗುವ ಬಾಯಿ ಕ್ಯಾನ್ಸರ್‌ಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಭಾರತದ್ದು ಎಂದು 2022ರ ಅಂತಾರಾಷ್ಟ್ರೀಯ ಅಂದಾಜು ಹೇಳುತ್ತದೆ. ಅದರಲ್ಲಿ ಕೆನ್ನೆ, ನಾಲಿಗೆ, ಕೆಳದವಡೆಯ ಪಾಲೇ ದೊಡ್ಡದು. ಮೇಲ್ದವಡೆಯದು ಕಮ್ಮಿ, ಆದರೆ ಇಲ್ಲದಿಲ್ಲ. ಆಂಧ್ರದ ಶ್ರೀಕಾಕುಳಂ, ವಿಶಾಖಪಟ್ಟಣಂ ಕಡೆ ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ಹಳೇ ರೂಢಿಯಿಂದ ಹೆಂಗಸರಲ್ಲೂ ಅಂಗುಳದ ಕ್ಯಾನ್ಸರ್ ಬರುವುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ನಮ್ಮ ಕಡೆ ಚುಟ್ಟಾ ಬದಲು ಗುಟ್ಕಾ, ಎಲೆ-ಅಡಿಕೆ-ತಂಬಾಕು. ತಂಬಾಕು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಎರಡನೆಯದು 2021ರ ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಜೊತೆಗೆ ಸ್ಟೆರಾಯ್ಡ್. ಮೂಗಿನಿಂದ ಶುರುವಾದ ಶಿಲೀಂಧ್ರ ಅಂಗುಳ, ಕಣ್ಣು, ಮೆದುಳಿನವರೆಗೂ ಹಬ್ಬಿತು. ಆ ವರ್ಷದ ನವೆಂಬರ್ ಕೊನೆಯ ಹೊತ್ತಿಗೆ ದೇಶದಲ್ಲಿ 51 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾಗಿದ್ದವು. ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಜನ ಊರೂರು ಅಲೆದದ್ದು ಯಾರೂ ಮರೆತಿಲ್ಲ. ಆಂಧ್ರ ಸರಕಾರ 2021ರ ಮೇ ತಿಂಗಳಲ್ಲಿ ಇದನ್ನು ಆರೋಗ್ಯಶ್ರೀಗೆ ಸೇರಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಪ್ರತ್ಯೇಕ ಚಿಕಿತ್ಸೆ ಶುರುವಾಯಿತು. ಕೊಳೆತ ಭಾಗ ತೆಗೆಯದಿದ್ದರೆ ಜೀವವೇ ಹೋಗುತ್ತಿತ್ತು. ಹಾಗೆ ತೆಗೆಸಿಕೊಂಡು ಬದುಕಿದವರಲ್ಲಿ ಎಷ್ಟೋ ಮಂದಿ ಮೇಲ್ದವಡೆ ಇಲ್ಲದೆ ಮನೆಗೆ ಮರಳಿದರು.

ಮೂರನೆಯದು ಹುಟ್ಟಿನಿಂದ ಬರುವ ಸೀಳಂಗುಳ. ಇದಕ್ಕೆ ಮಗುವಿಗೆ ವರ್ಷ ತುಂಬುವ ಆಸುಪಾಸಿನಲ್ಲಿ ಹೊಲಿಗೆ ಹಾಕಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳಂಗುಳ ಎರಡೂ ಸೇರಿವೆ. ಅಂಗನವಾಡಿ, ಶಾಲೆಗೆ ಬರುವ ತಂಡವೇ ಇಂಥ ಮಕ್ಕಳನ್ನು ಗುರುತಿಸುತ್ತದೆ. ಮಕ್ಕಳಿಗೆ ಹೀಗೊಂದು ದಾರಿ ಇದೆ. ದೊಡ್ಡವರಿಗೆ ಅಂಥ ದಾರಿ ಹಾಕಿಟ್ಟವರಿಲ್ಲ.

ಮೂರು ಸಲ ಮಾಡುವ ಪ್ಲೇಟು

ಸಾಧನದ ಹೆಸರು ಆಬ್ಚುರೇಟರ್. ನೋಡಲು ಮೇಲಿನ ಹಲ್ಲಿನ ಸೆಟ್ಟಿನಂತೆಯೇ. ವ್ಯತ್ಯಾಸ ಇಷ್ಟೇ, ಅದರ ಬೆನ್ನ ಮೇಲೆ ಒಂದು ಗುಬುಟು ಇರುತ್ತದೆ. ಅಂಗುಳದ ತೂತಿನೊಳಗೆ ಅದು ಬಿರಡೆಯಂತೆ ಕೂತು ಮೂಗು-ಬಾಯಿಗಳ ನಡುವೆ ಮತ್ತೆ ಗೋಡೆ ಕಟ್ಟುತ್ತದೆ. ಭಾರವಾದರೆ ಜಾರಿ ಬೀಳುತ್ತದೆಂದು ಆ ಗುಬುಟನ್ನು ಒಳಗೆ ಪೊಳ್ಳು ಮಾಡುತ್ತಾರೆ. ಉಳಿದ ಹಲ್ಲುಗಳಿಗೆ ಲೋಹದ ಕೊಕ್ಕೆ ಹಾಕಿ ನಿಲ್ಲಿಸುತ್ತಾರೆ. ಹಲ್ಲು ಎಷ್ಟು ಉಳಿದಿವೆ, ತೂತು ಎಲ್ಲಿದೆ ಎಂಬುದರ ಮೇಲೆ ಪ್ಲೇಟಿನ ವಿನ್ಯಾಸ ನಿಂತಿದೆ. ಅರಮನಿ ಎಂಬ ದಂತವೈದ್ಯರು 1978ರಲ್ಲಿ ಇಂಥ ಬಾಯಿಗಳನ್ನು ಆರು ವರ್ಗ ಮಾಡಿದ್ದು, ಅದನ್ನೇ ದಂತ ಕಾಲೇಜುಗಳಲ್ಲಿ ಈಗಲೂ ಕಲಿಸುತ್ತಾರೆ.

ಇಲ್ಲಿ ಮನೆಯವರು ತಿಳಿಯಬೇಕಾದ ಮುಖ್ಯ ಸಂಗತಿ ಎಂದರೆ ಈ ಪ್ಲೇಟು ಒಂದೇ ಸಲಕ್ಕೆ ಮುಗಿಯುವುದಲ್ಲ. ಮೊದಲನೆಯದನ್ನು ಆಪರೇಷನ್ ಟೇಬಲ್ಲಿನಲ್ಲೇ ಹಾಕುತ್ತಾರೆ. ಅದಕ್ಕಾಗಿ ಆಪರೇಷನ್‌ಗೆ ಮುಂಚೆಯೇ ಬಾಯಿಯ ಅಳತೆ ತೆಗೆದು ಪ್ಲಾಸ್ಟರ್ ಮಾದರಿ ಮಾಡಿಟ್ಟುಕೊಂಡಿರಬೇಕು. ಇದಿದ್ದರೆ ರೋಗಿ ಎಚ್ಚರಗೊಂಡಾಗ ಬಾಯಲ್ಲಿ ಗುಹೆ ಇರುವುದಿಲ್ಲ. ಗಾಯದ ಬಟ್ಟೆ ನಿಲ್ಲುತ್ತದೆ, ಮಾತು ಬೇಗ ಬರುತ್ತದೆ. ವಾರ ಹತ್ತು ದಿನದಲ್ಲಿ ಒಳಗಿನ ಬಟ್ಟೆ ತೆಗೆದ ಮೇಲೆ ಎರಡನೇದು, ತಾತ್ಕಾಲಿಕ ಪ್ಲೇಟು. ಗಾಯ ಮಾಗುತ್ತಾ ತೂತಿನ ಆಕಾರ ಬದಲಾಗುವುದರಿಂದ ಇದನ್ನು ಆಗಾಗ ತಿದ್ದಬೇಕು. ಮೂರರಿಂದ ಆರು ತಿಂಗಳಾದ ಮೇಲೆ ಮೂರನೇದು, ಖಾಯಂ ಪ್ಲೇಟು. ಜನ ‘ಕರೆಂಟ್ ಕೊಡೋದು’ ಎನ್ನುವ ವಿಕಿರಣ ಚಿಕಿತ್ಸೆ ಆಗಿದ್ದರೆ ಇನ್ನೂ ತಡ.

ಕೆಲವರಿಗೆ ಕಾಲಿನ ಎಲುಬು, ಮಾಂಸ ತಂದು ಅಂಗುಳ ಮುಚ್ಚುವ ಆಪರೇಷನ್ ಮಾಡುತ್ತಾರೆ. ಮೇಲ್ದವಡೆ ಪೂರ್ತಿ ಹೋದವರಿಗೆ ಕೆನ್ನೆಯ ಮೂಳೆಗೆ ಸ್ಕ್ರೂ ಕೂರಿಸಿ ಅದಕ್ಕೆ ಹಲ್ಲು ನಿಲ್ಲಿಸುವ ಪದ್ಧತಿಯೂ ಇದೆ. ಒಳ್ಳೆಯವೇ, ಆದರೆ ಎಲ್ಲರ ದೇಹಕ್ಕೂ ಜೇಬಿಗೂ ಒಗ್ಗುವುದಿಲ್ಲ. ಪ್ಲೇಟಿಗೆ ಇನ್ನೊಂದು ಅನುಕೂಲವೂ ಉಂಟು: ತೆಗೆದರೆ ಒಳಗೆಲ್ಲ ಕಾಣುತ್ತದೆ, ಕಾಯಿಲೆ ಮರಳಿದರೆ ವೈದ್ಯರಿಗೆ ಬೇಗ ಗೊತ್ತಾಗುತ್ತದೆ.

ಇಬ್ಬರು ದೊಡ್ಡವರ ಬಾಯಿ

ಅಳತೆಗೆ ಸರಿಯಾದ ಪ್ಲೇಟು ಮತ್ತು ಸರಿಯಿಲ್ಲದ ಪ್ಲೇಟಿನ ವ್ಯತ್ಯಾಸಕ್ಕೆ ಇತಿಹಾಸದಲ್ಲಿ ಎರಡು ಉದಾಹರಣೆ ಇವೆ. ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್‌ಗೆ 1893ರಲ್ಲಿ ಅಂಗುಳದಲ್ಲಿ ಗಡ್ಡೆ ಕಾಣಿಸಿತು. ಆಗ ಆ ದೇಶದ ಹಣಕಾಸು ಕುಸಿಯುತ್ತಿತ್ತು. ಸುದ್ದಿ ಹೊರಬಿದ್ದರೆ ಪೇಟೆ ಇನ್ನೂ ಬೀಳುತ್ತದೆಂದು ಜುಲೈ 1ರಂದು ಹಡಗೊಂದರಲ್ಲಿ ಗುಟ್ಟಾಗಿ ಆಪರೇಷನ್ ಮಾಡಿ ಎಡಗಡೆಯ ಮೇಲ್ದವಡೆ ತೆಗೆದರು. ಕ್ಯಾಸನ್ ಗಿಬ್ಸನ್ ಎಂಬ ದಂತವೈದ್ಯ ರಬ್ಬರಿನ ಪ್ಲೇಟು ಮಾಡಿಕೊಟ್ಟ. ಅಧ್ಯಕ್ಷರ ಮಾತು ಮೊದಲಿನಂತಾಯಿತು. ತಂಡದಲ್ಲಿದ್ದ ವೈದ್ಯರೊಬ್ಬರು 1917ರಲ್ಲಿ ತಾವೇ ಬರೆಯುವವರೆಗೂ ಜನ ಪೂರ್ತಿ ನಂಬಿರಲಿಲ್ಲ.

ಇನ್ನೊಬ್ಬರು ಮನಃಶಾಸ್ತ್ರದ ಸಿಗ್ಮಂಡ್ ಫ್ರಾಯ್ಡ್. ಚುಟ್ಟಾ ಚಟದ ಈ ಮಹಾಶಯರಿಗೆ 1923ರಲ್ಲಿ ಅಂಗುಳದ ಕ್ಯಾನ್ಸರ್. 1939ರಲ್ಲಿ ಸಾಯುವವರೆಗೆ ಹದಿನಾರು ವರ್ಷ ಮೂವತ್ತಕ್ಕೂ ಹೆಚ್ಚು ಆಪರೇಷನ್. ಪ್ಲೇಟು ಮಾತ್ರ ಕಡೆಯವರೆಗೂ ಸರಿ ಕೂರಲಿಲ್ಲ. ಹಾಕಿದರೆ ನೋವು, ತೆಗೆದರೆ ಮಾತಿಲ್ಲ. ಅಷ್ಟು ಹೆಸರು, ಅಷ್ಟು ವೈದ್ಯರು ಸುತ್ತ ಇದ್ದವರ ಪಾಡೇ ಹೀಗಾದರೆ ಚಿಲಮತ್ತೂರು ಮಂಡಲದ ಶೇಂಗಾ ರೈತನ ಪಾಡೇನು?

ಕಾಲಿಗೆ ಕ್ಯಾಂಪು, ಅಂಗುಳಕ್ಕಿಲ್ಲ

ಜೈಪುರ ಕಾಲು 1968ರಲ್ಲಿ ಬಂದದ್ದು. ಊರೂರಲ್ಲಿ ಶಿಬಿರ ಮಾಡಿ ಕಾಲು ಅಳತೆ ತೆಗೆದು ಕೊಟ್ಟದ್ದರಿಂದ ಅದು ಮನೆಮಾತಾಯಿತು. ಕನ್ನಡಕಕ್ಕೆ ಕ್ಯಾಂಪು, ಕಿವಿ ಮೆಷಿನ್‌ಗೆ ಕ್ಯಾಂಪು. ಅಂಗುಳಕ್ಕೆ ಹಾಗೆ ಮಾಡಲು ಬರುವುದಿಲ್ಲ. ಒಂದು ದಿನದಲ್ಲಿ ಅಳತೆ ತೆಗೆದು ಸಂಜೆಗೆ ಕೊಟ್ಟು ಫೋಟೋ ತೆಗೆಸಿಕೊಳ್ಳುವ ಕೆಲಸ ಇದಲ್ಲ. ಹತ್ತಾರು ಸಲ ತಿದ್ದಬೇಕು.

ಲೆಕ್ಕ ಹಾಕಿ ನೋಡೋಣ. ಆಪರೇಷನ್‌ಗೆ ಮುಂಚೆ ಅಳತೆಗೆ ಒಂದು ಸಲ, ಬಟ್ಟೆ ತೆಗೆದಾಗ ಒಂದು ಸಲ, ತಾತ್ಕಾಲಿಕ ಪ್ಲೇಟು ತಿದ್ದಲು ಮೂರು ನಾಲ್ಕು ಸಲ. ಖಾಯಂ ಪ್ಲೇಟಿಗೆ ಅಳತೆ, ಲೋಹದ ಚೌಕಟ್ಟು, ಹಲ್ಲು ಜೋಡಿಸಿ ನೋಡುವುದು, ಕೊಡುವುದು, ಆಮೇಲೆ ಒತ್ತಿದ ಕಡೆ ಉಜ್ಜುವುದು ಎಂದು ಐದಾರು ಸಲ. ಮೊದಲ ವರ್ಷವೇ ಹತ್ತು ಹನ್ನೆರಡು ಓಡಾಟ. ರೋಗಿ ಒಬ್ಬನೇ ಹೋಗಲಾರ, ಜೊತೆಗೊಬ್ಬರು. ಅಂದರೆ ಹೋಗಿಬರುವ ಟಿಕೆಟ್ಟು, ಕಳೆದುಹೋದ ಕೂಲಿ ಎರಡೂ ಇಪ್ಪತ್ತು ಇಪ್ಪತ್ನಾಲ್ಕರ ಲೆಕ್ಕ. ಪ್ಲೇಟು ಪುಕ್ಕಟೆ ಸಿಕ್ಕರೂ ಅದು ಪುಕ್ಕಟೆಯಲ್ಲ. ಎರಡನೇ ಪ್ಲೇಟಿಗೇ ಸುಸ್ತಾಗಿ ಮೂರನೇದಕ್ಕೆ ಹೋಗದೆ ಉಳಿಯುವವರನ್ನು ಸೋಮಾರಿಗಳು ಎನ್ನಲು ಬರುವುದಿಲ್ಲ.

ಲಾರಿಗಿಲ್ಲದ ಚೆಕ್‌ಪೋಸ್ಟ್ ಕಾರ್ಡಿಗೆ

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಸರಕು ತುಂಬಿದ ಲಾರಿ ತೆರಿಗೆ ಕಾಗದಕ್ಕಾಗಿ ಗಂಟೆಗಟ್ಟಲೆ ನಿಲ್ಲುವ ಕಾಲ ಮುಗಿಯಿತು. ಆದರೆ ಆರೋಗ್ಯ ಕಾರ್ಡು ಹಿಡಿದವನು ಈಗಲೂ ನಿಲ್ಲಬೇಕು. ಕೊಡಿಕೊಂಡ, ಹಿಂದೂಪುರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಮನೆಮಾತು ಕನ್ನಡವಾದರೂ ಕಾರ್ಡು ಆಂಧ್ರದ್ದು.

2007ರಲ್ಲಿ ಶುರುವಾದ ಆರೋಗ್ಯಶ್ರೀ 2024ರಲ್ಲಿ ಎನ್‌ಟಿಆರ್ ವೈದ್ಯ ಸೇವೆ ಎಂದು ಹೆಸರು ಬದಲಿಸಿಕೊಂಡಿತು. 2019ರ ನವೆಂಬರ್‌ನಲ್ಲಿ ಆಂಧ್ರ ಸರಕಾರ ಬೆಂಗಳೂರು, ಹೈದರಾಬಾದ್, ಚೆನ್ನೈನ ಆಯ್ದ ಆಸ್ಪತ್ರೆಗಳಿಗೂ ಈ ಸೌಲಭ್ಯ ವಿಸ್ತರಿಸಿದ್ದು ಗಡಿ ಜನರಿಗೆ ದೊಡ್ಡ ಉಪಕಾರವಾಯಿತು. ಕೇಂದ್ರದ ಆಯುಷ್ಮಾನ್ ಯೋಜನೆ 2018ರಲ್ಲಿ ಬಂದಾಗ ಯಾವ ರಾಜ್ಯದ ಫಲಾನುಭವಿಯೂ ಇನ್ನೊಂದು ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು ಎಂಬ ನಿಯಮವನ್ನೂ ತಂದಿತು.

ಆದರೆ ಇವೆಲ್ಲ ಪ್ಯಾಕೇಜಿನ ಲೆಕ್ಕದಲ್ಲಿ ನಡೆಯುವ ಯೋಜನೆಗಳು. ಇಂಥ ಆಪರೇಷನ್‌ಗೆ ಇಷ್ಟು ಎಂದು ಆಸ್ಪತ್ರೆಗೆ ದುಡ್ಡು ಹೋಗುತ್ತದೆ, ಡಿಸ್ಚಾರ್ಜ್ ಆದರೆ ಫೈಲು ಮುಚ್ಚುತ್ತದೆ. ಪ್ಲೇಟಿನ ಕೆಲಸವೋ ಡಿಸ್ಚಾರ್ಜ್ ಆದ ಮೇಲೆ ತಿಂಗಳುಗಟ್ಟಲೆ ನಡೆಯುವಂಥದ್ದು. ಕತ್ತರಿಸುವವರು ಕ್ಯಾನ್ಸರ್ ಇಲ್ಲವೇ ಇಎನ್‌ಟಿ ವಿಭಾಗದವರು, ಕಟ್ಟಿಕೊಡುವವರು ದಂತ ವಿಭಾಗದವರು. ಇಬ್ಬರೂ ಒಂದೇ ಕಟ್ಟಡದಲ್ಲಿ ಇದ್ದರೆ ಪುಣ್ಯ. ಬೇರೆ ಬೇರೆ ಇದ್ದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಚೀಟಿ ಬರೆದುಕೊಡುವವರು ಬೇಕು. ಆ ಚೀಟಿ ಬರೆಯುವುದು ಯಾರ ಕೆಲಸ ಎಂಬುದೇ ಸ್ಪಷ್ಟವಿಲ್ಲದಾಗ ರೋಗಿ ನಡುವೆ ಬೀಳುತ್ತಾನೆ.

ಎಲ್ಲಿ ಕೇಳಬೇಕು?

ಈ ಕೆಲಸ ಕಲಿತವರು ದಂತ ಕಾಲೇಜಿನ ಪ್ರಾಸ್ಥೊಡಾಂಟಿಕ್ಸ್ ವಿಭಾಗದಲ್ಲಿ ಇರುತ್ತಾರೆ. ಅಂದರೆ ಹಲ್ಲಿನ ಸೆಟ್ಟು ಕಟ್ಟುವ ವಿಭಾಗ. ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರದ್ದು. ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲೇ ಇದೆ. ಕ್ಯಾನ್ಸರ್‌ಗೆ 1973ರಲ್ಲಿ ಆರಂಭವಾದ ಕಿದ್ವಾಯಿ ಇದೆ. ಕಲ್ಯಾಣದುರ್ಗದ ಕಡೆಯವರಿಗೆ ಬಳ್ಳಾರಿಯ ಸರಕಾರಿ ದಂತ ಕಾಲೇಜು ಹತ್ತಿರ. ಆಂಧ್ರದಲ್ಲಿ ಸರಕಾರಿ ದಂತ ಕಾಲೇಜುಗಳಿರುವುದು ವಿಜಯವಾಡ ಮತ್ತು ಕಡಪದಲ್ಲಿ. ಮಾತು ತಿದ್ದಿಸಿಕೊಳ್ಳಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಕೆಲಸ ಮಾಡುತ್ತಿದೆ. ಮನೆಯಲ್ಲಿ ಕನ್ನಡ ಆಡುವವರಿಗೆ ಕನ್ನಡದ ಶಬ್ದಗಳಲ್ಲೇ ಅಭ್ಯಾಸ ಮಾಡಿಸುವುದು ಮುಖ್ಯ. ಯೋಜನೆಗಳ ಬಗ್ಗೆ ವಿಚಾರಿಸಲು ಎರಡೂ ರಾಜ್ಯಗಳಲ್ಲಿ 104, ಆಯುಷ್ಮಾನ್‌ಗೆ 14555.

2021ರಲ್ಲಿ ಅಂಗುಳ ಕಳೆದುಕೊಂಡು ಪ್ಲೇಟು ಹಾಕಿಸಿಕೊಳ್ಳದೆ ಉಳಿದವರೂ ಕೈಬಿಡಬೇಕಿಲ್ಲ. ವರ್ಷಗಳಾದ ಮೇಲೂ ಮಾಡಬಹುದು. ಆಗ ಹಾಕಿಸಿಕೊಂಡವರ ಪ್ಲೇಟು ಸಡಿಲಾಗಿದ್ದರೆ ಅದೂ ಸಹಜವೇ. ಬಾಯಿ ಬದಲಾಗುತ್ತದೆ, ಪ್ಲೇಟು ಸವೆಯುತ್ತದೆ, ಒಳಪದರ ಹಾಕಿಸಬೇಕು ಇಲ್ಲವೇ ಹೊಸದು ಮಾಡಿಸಬೇಕು. ವಿಕಿರಣ ಚಿಕಿತ್ಸೆ ಆದವರಿಗೆ ಬಾಯಿ ತೆರೆಯುವುದು ದಿನೇ ದಿನೇ ಕಮ್ಮಿಯಾಗುತ್ತದೆ. ವೈದ್ಯರು ಹೇಳಿಕೊಟ್ಟ ಬಾಯಿ ವ್ಯಾಯಾಮ ಬಿಟ್ಟರೆ ಕೊನೆಗೆ ಪ್ಲೇಟು ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಉಂಡ ಮೇಲೆ ತೆಗೆದು ಮೆದು ಬ್ರಷ್‌ನಲ್ಲಿ ತೊಳೆಯಬೇಕು, ಕುದಿನೀರು ಹಾಕಬಾರದು. ತೆಗೆದಿಟ್ಟಾಗ ನೀರಲ್ಲಿ ಮುಳುಗಿಸಿಡಬೇಕು. ರಾತ್ರಿ ಹಾಕಿಕೊಂಡೇ ಮಲಗಬೇಕೇ, ತೆಗೆಯಬೇಕೇ ಎಂಬುದನ್ನು ವೈದ್ಯರನ್ನೇ ಕೇಳಬೇಕು.

ಆಗಬೇಕಾದ್ದು ಏನು?

ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ಅಂಗುಳ ತೆಗೆಯುವ ಪ್ರತಿ ಆಪರೇಷನ್ನಿನ ಕೇಸ್ ಶೀಟಿನಲ್ಲಿ ‘ದಂತವೈದ್ಯರು ಅಳತೆ ತೆಗೆದಿದ್ದಾರೆಯೇ’ ಎಂಬ ಒಂದು ಸಾಲು ಸೇರಲಿ. ಪ್ಯಾಕೇಜಿನಲ್ಲಿ ಮೂರು ಪ್ಲೇಟಿಗೂ ಓಡಾಟಕ್ಕೂ ಜಾಗ ಇರಲಿ. ಅಳತೆ, ಲ್ಯಾಬಿನ ಕೆಲಸ ಬೆಂಗಳೂರಲ್ಲೋ ಬಳ್ಳಾರಿಯಲ್ಲೋ ಆದರೂ ಒತ್ತಿದ ಕಡೆ ಉಜ್ಜುವುದು, ಸ್ವಚ್ಛತೆ ನೋಡುವುದು ಇಂಥ ಸಣ್ಣ ಕೆಲಸವನ್ನು ಹಿಂದೂಪುರ, ಕಲ್ಯಾಣದುರ್ಗದ ಸರಕಾರಿ ಆಸ್ಪತ್ರೆಯ ದಂತವೈದ್ಯರಿಗೆ ವಹಿಸಬಹುದು. ಅರ್ಧಕ್ಕರ್ಧ ಓಡಾಟ ಉಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಹೆಸರಿಸಿದೆ. ಮಾತು ಮತ್ತು ಭಾಷೆಯ ವೈಕಲ್ಯವೂ ಅದರಲ್ಲಿದೆ. ಗಂಟಲ ಪೆಟ್ಟಿಗೆ ತೆಗೆಸಿಕೊಂಡವರ ಹೆಸರನ್ನು ಉದಾಹರಣೆಯಾಗಿ ಹೇಳಿದೆ, ಅಂಗುಳದ ಹೆಸರಿಲ್ಲ. ಆದರೆ ‘ಮುಂತಾದ’ ಎಂಬ ಅರ್ಥದ ಮಾತು ಇರುವುದರಿಂದ ಇಂಥವರೂ ವೈದ್ಯಕೀಯ ಮಂಡಳಿಯ ಮುಂದೆ ಅರ್ಜಿ ಹಾಕಿ ಕೇಳಬೇಕು. ಕೇಳದೆ ಯಾರೂ ಕೊಡುವುದಿಲ್ಲ.

ಕಪ್ಪು ಶಿಲೀಂಧ್ರದಂಥ ತುರ್ತಿನಲ್ಲಿ ಅಳತೆಗೆ ಸಮಯ ಸಿಗದೇ ಹೋಗಬಹುದು, ಅದು ಬೇರೆ ಮಾತು. ಆದರೆ ಕ್ಯಾನ್ಸರ್ ಆಪರೇಷನ್‌ಗೆ ಸಾಮಾನ್ಯವಾಗಿ ದಿನ ಗೊತ್ತು ಮಾಡಿರುತ್ತಾರೆ. ನಡುವೆ ಕೆಲವು ದಿನ ಇದ್ದೇ ಇರುತ್ತದೆ. ಯೋಜನೆ ಬದಲಾಗಲು ವರ್ಷ ಹಿಡಿಯಬಹುದು, ಎರಡು ಸರಕಾರಗಳು ಕೂತು ಮಾತಾಡಲು ಇನ್ನಷ್ಟು ಹಿಡಿಯಬಹುದು. ಮನೆಯವರು ಮಾಡಬಹುದಾದ ಕೆಲಸಕ್ಕೆ ಒಂದು ನಿಮಿಷ ಸಾಕು. ಆಪರೇಷನ್ ಫಾರಂಗೆ ಹೆಬ್ಬೆಟ್ಟು ಒತ್ತುವ ಮುಂಚೆ, ಕನ್ನಡದಲ್ಲೋ ತೆಲುಗಿನಲ್ಲೋ, ಒಂದೇ ಒಂದು ಮಾತು ಕೇಳಬೇಕು: ‘ಡಾಕ್ಟ್ರೇ, ಹಲ್ಲಿನ ಡಾಕ್ಟ್ರು ಬಾಯಿ ಅಳತೆ ತಗೊಂಡ್ರಾ?’